ಹಳೇ ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಪೈಪು: ಯಾವ ಹೋಸ್ ಕೊಳ್ಳಬೇಕು, ಯಾವುದನ್ನು ಮುಟ್ಟಲೇಬಾರದು

ಮೂವತ್ತು ನಲವತ್ತು ವರ್ಷದ ಸ್ಪೋರ್ಟ್ಸ್ ಕಾರಿನ ಹತ್ತಿರ ನಿಂತಾಗ ಪೆಟ್ರೋಲ್ ವಾಸನೆ ಹೊಡೆದರೆ "ಹಳೇ ಗಾಡಿ, ಹಾಗೇ ಇರುತ್ತೆ" ಎಂದು ಸುಮ್ಮನಾಗುವವರೇ ಜಾಸ್ತಿ. ಹಾಗೆ ಇರಬೇಕಾಗಿಲ್ಲ. ಕಾರು ಹೊಸದಾಗಿದ್ದಾಗ ಆ ವಾಸನೆ ಇರಲಿಲ್ಲ. ಸರಿಯಾದ ಹೋಸ್ ಹಾಕಿದರೆ ಈಗಲೂ ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ಹೋಸ್‌ಗಳೆಲ್ಲ ನೋಡಲು ಒಂದೇ ಥರ ಕಪ್ಪಗಿರುವುದರಿಂದ, ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಎರಡೇ ವರ್ಷದಲ್ಲಿ ಕೈಕೊಡುತ್ತದೆ, ಏಕೆ ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇವೆ. ಹೋಸಿನ ಜೊತೆಗೆ ಕಾರಿನ ಅಡಿಯಲ್ಲಿ ಹೋಗುವ ಲೋಹದ ಪೈಪು, ಕ್ಲ್ಯಾಂಪ್‌ಗಳನ್ನೂ ಸೇರಿಸಿಕೊಂಡಿದ್ದೇವೆ. ಒಳ್ಳೆಯ ಹೋಸ್ ತಂದು ಕೆಟ್ಟ ಕ್ಲ್ಯಾಂಪ್ ಹಾಕಿದರೆ ಸೋರುವುದು ಸೋರಿಯೇ ಸೋರುತ್ತದೆ.

ಅವಸರದಲ್ಲಿರುವವರಿಗೆ ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಾರ್ಬೊರೇಟರ್ ಇರಲಿ, ಕಡಿಮೆ ಒತ್ತಡದ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ವ್ಯವಸ್ಥೆ) ಇರಲಿ, ಪೆಟ್ರೋಲಿಗೆ ಜಗ್ಗದ ಫ್ಲೋರೋಎಲಾಸ್ಟೊಮರ್ ಎಂಬ ರಬ್ಬರಿನ ಒಳಪದರ ಇರುವ, ಮೈಮೇಲೆ ಆರ್9 ಎಂಬ ದರ್ಜೆ ಅಚ್ಚಾಗಿರುವ ಹೋಸ್, ಅಂಚು ಮಡಿಸಿದ ಇಂಜೆಕ್ಷನ್ ಕ್ಲ್ಯಾಂಪ್, ತಾಮ್ರ-ನಿಕ್ಕಲ್ ಪೈಪು. ಈ ಮೂರನ್ನು ಕಣ್ಣು ಮುಚ್ಚಿ ಕೊಳ್ಳಬಹುದು. ಬಟ್ಟೆ ಹೆಣೆದ ಹಳೇ ಮಾದರಿಯ ಹೋಸ್ ಮತ್ತು ಸ್ಟೀಲ್ ಜಾಲರಿ ಹೊದಿಸಿದ ಅಗ್ಗದ ರಬ್ಬರ್ ಹೋಸ್, ಇವೆರಡನ್ನೂ ಕೊಳ್ಳಬೇಡಿ.

ಹೋಸ್ ಹಾಳಾಗುವುದು ಒಳಗಿನಿಂದ. ಹಳೇ ಹೋಸ್‌ಗಳು ಹೆಚ್ಚಾಗಿ ನೈಟ್ರೈಲ್ ರಬ್ಬರಿನವು. ರಬ್ಬರು ಮೆತ್ತಗಿರಲಿ ಎಂದು ಅದರಲ್ಲಿ ಬೆರೆಸಿರುವ ಎಣ್ಣೆಯಂಥ ಪದಾರ್ಥವನ್ನು ಪೆಟ್ರೋಲು ನಿಧಾನವಾಗಿ ತೊಳೆದು ತೆಗೆಯುತ್ತದೆ. ಅದರ ಜಾಗದಲ್ಲಿ ಪೆಟ್ರೋಲೇ ಹೀರಿಕೊಂಡು ರಬ್ಬರು ಉಬ್ಬಿಕೊಂಡಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ಉಬ್ಬುವಿಕೆ ಇನ್ನೂ ಜಾಸ್ತಿ. ಕಾರು ಓಡುತ್ತಿರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಮೂರ್ನಾಲ್ಕು ತಿಂಗಳು ನಿಲ್ಲಿಸಿದರೆ ಒಳಗಿನ ಪೆಟ್ರೋಲು ಆರಿ ರಬ್ಬರು ಕುಗ್ಗುತ್ತದೆ, ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಮತ್ತೆ ಸ್ಟಾರ್ಟ್ ಮಾಡಿದ ದಿನವೇ ಸೋರಿಕೆ ಶುರು. ಹಳೇ ಕಾರುಗಳಿಗೆ ಬೆಂಕಿ ತಗಲುವುದು ಬಹಳ ದಿನ ನಿಂತು ಮತ್ತೆ ಹೊರಟಾಗಲೇ ಹೆಚ್ಚು ಎನ್ನುವುದರ ಹಿಂದೆ ಇರುವ ಕಾರಣ ಇದು.

ಹೊರಗಿನಿಂದ ಪರೀಕ್ಷಿಸಬೇಕಾದರೆ ಹೋಸನ್ನು ಹಾಗೇ ನೋಡಿದರೆ ಸಾಲದು. ಕ್ಲ್ಯಾಂಪಿನಿಂದ ಒಂದಿಂಚು ಈಚೆ ಹಿಡಿದು ಬಲವಾಗಿ ಬಾಗಿಸಿ, ಬಾಗಿದ ಹೊರಮೈ ಮೇಲೆ ಬೆಳಕು ಬಿಡಿ. ಕೂದಲೆಳೆಯಂಥ ಗೆರೆಗಳು ಕಂಡರೆ ಅದು ಮುಗಿದ ಹೋಸ್. ಉಗುರಿನಿಂದ ಒತ್ತಿದರೆ ತಗ್ಗು ಬೀಳದಿದ್ದರೂ ಮುಗಿದಂತೆಯೇ. ಮೇಲೆ ಅಂಟಂಟಾಗಿ ಮೆತ್ತಗಾಗಿದ್ದರೆ ಪೆಟ್ರೋಲು ಗೋಡೆಯನ್ನು ದಾಟಿ ಹೊರಗೆ ಬರುತ್ತಿದೆ ಎಂದರ್ಥ.

ಇನ್ನೊಂದು ಬಗೆಯ ತೊಂದರೆ ಹೊರಗೆ ಕಾಣುವುದೇ ಇಲ್ಲ. ಹೋಸಿನ ಒಳಪದರ ಕಿತ್ತುಬಂದು ನಾಲಗೆಯ ಹಾಗೆ ಒಳಗೆ ಜೋತುಬೀಳುತ್ತದೆ. ಎಂಜಿನ್ ನಿಧಾನಕ್ಕೆ ಓಡುವಾಗ ತೊಂದರೆ ಇಲ್ಲ. ಆಕ್ಸಿಲರೇಟರ್ ಒತ್ತಿ ಹರಿವು ಹೆಚ್ಚಾದ ಕೂಡಲೇ ಆ ನಾಲಗೆ ಎದ್ದು ದಾರಿ ಮುಚ್ಚುತ್ತದೆ. ಎಂಜಿನ್ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಐದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಜನ ಪಂಪ್ ಬದಲಾಯಿಸುತ್ತಾರೆ, ಫಿಲ್ಟರ್ ಬದಲಾಯಿಸುತ್ತಾರೆ, ಕಾರ್ಬೊರೇಟರ್ ಬಿಚ್ಚುತ್ತಾರೆ. ಟ್ಯಾಂಕಿನಿಂದ ಪಂಪಿಗೆ ಬರುವ ಒಂದಡಿ ಹೋಸನ್ನು ಮಾತ್ರ ಯಾರೂ ಸೀಳಿ ನೋಡುವುದಿಲ್ಲ. ಫಿಲ್ಟರಿನಲ್ಲಿ ಕಪ್ಪು ಪುಡಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಆ ತುಂಡನ್ನು. ಅದೇ ಪುಡಿ ಮುಂದೆ ಹೋಗಿ, ಕಾರ್ಬೊರೇಟರಿನ ಫ್ಲೋಟ್ ಚೇಂಬರಿಗೆ ಪೆಟ್ರೋಲ್ ಬರುವುದನ್ನು ನಿಲ್ಲಿಸುವ ಸೂಜಿಯಡಿ ಸಿಕ್ಕಿಕೊಂಡರೆ ಕಾರ್ಬೊರೇಟರ್ ಉಕ್ಕಿ ಹರಿಯುತ್ತದೆ.

ಇನ್ನು ಹೋಸ್‌ಗಳ ವಿಚಾರ. ಕೊಳ್ಳುವಾಗ ಬೆಲೆಗಿಂತ ಮೊದಲು ಅದರ ಮೈಮೇಲೆ ಅಚ್ಚಾಗಿರುವುದನ್ನು ಓದಿ. ಎಸ್‌ಎಇ ಜೆ30 ಎಂಬ ಅಮೆರಿಕದ ಮಾನದಂಡ, ಅದರ ಪಕ್ಕದಲ್ಲಿ ಆರ್7, ಆರ್9, ಆರ್10, ಆರ್14 ಎಂಬ ದರ್ಜೆ, ಒಳವ್ಯಾಸ, ಕೆಲಸದ ಒತ್ತಡ, ತಯಾರಾದ ದಿನಾಂಕದ ಗುರುತು. ಜರ್ಮನ್ ಹೋಸ್ ಆದರೆ ಡಿಐಎನ್ 73379 ಎಂದಿರುತ್ತದೆ. ಬರಿ "ಫ್ಯುಯೆಲ್ ಹೋಸ್" ಎಂದಷ್ಟೇ ಬರೆದು ದರ್ಜೆ ಇಲ್ಲದಿದ್ದರೆ ಅಲ್ಲೇ ಇಟ್ಟುಬಿಡಿ. ಎರಡು ವರ್ಷಕ್ಕಿಂತ ಹಿಂದೆ ತಯಾರಾಗಿ ಅಂಗಡಿಯಲ್ಲಿ ನೇತುಬಿದ್ದದ್ದೂ ಬೇಡ.

ಆರ್7 ಸಾಮಾನ್ಯ ನೈಟ್ರೈಲ್ ಹೋಸ್. 50 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತಡೆಯುತ್ತದೆ. ಎಸ್‌ಯು ಕಾರ್ಬೊರೇಟರಿಗೆ ಮೂರು ಪಿಎಸ್‌ಐ ಒಳಗೆ, ವೆಬರ್‌ಗೆ ಮೂರು ಮೂರೂವರೆ ಪಿಎಸ್‌ಐ ಸಾಕು, ಆದ್ದರಿಂದ ಒತ್ತಡದ ಲೆಕ್ಕದಲ್ಲಿ ಇದಕ್ಕೆ ಫೇಲ್ ಆಗುವ ಕಾರಣವಿಲ್ಲ. ಕೊರತೆ ಇರುವುದು ಬೇರೆ ಕಡೆ. ಹೋಸಿನ ಗೋಡೆಯ ಮೂಲಕ ಆವಿಯಾಗಿ ತಪ್ಪಿಸಿಕೊಳ್ಳುವ ಪೆಟ್ರೋಲಿಗೆ ಮಾನದಂಡದಲ್ಲಿ ಮಿತಿ ಇದೆ: ಆರ್7ಗೆ ದಿನಕ್ಕೆ ಒಂದು ಚದರ ಮೀಟರಿಗೆ 550 ಗ್ರಾಂ, ಆರ್9ಗೆ ಬರೀ 15 ಗ್ರಾಂ. ಒಂದು ಹನಿಯೂ ಸೋರದೆ ಗ್ಯಾರೇಜ್ ತುಂಬ ಪೆಟ್ರೋಲ್ ನಾರುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ. ಆರ್7 ಹಾಕಲೇಬೇಕಾದರೆ ಐದು ವರ್ಷಕ್ಕೊಮ್ಮೆ ಬದಲಿಸುವ ಶಿಸ್ತು ಇರಲಿ. ನಮ್ಮ ಸಲಹೆ: ಉಳಿಯುವ ದುಡ್ಡು ಅಷ್ಟರಲ್ಲೇ ಇದೆ, ಬೇಡ.

ಬಟ್ಟೆ ಹೆಣೆದ ಹೋಸ್ ಜರ್ಮನ್ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತಿತ್ತು. ಆ ಕಾಲದ ನೋಟ ಹಾಗೇ ಇರಲಿ ಎನ್ನುವವರು ಈಗಲೂ ಅದನ್ನೇ ಹುಡುಕುತ್ತಾರೆ. ನೋಟ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಒಳಗೆ ಅದೇ ನೈಟ್ರೈಲ್, ಗೋಡೆ ತೆಳು, ಮೇಲಿನ ಹತ್ತಿಯ ಹೆಣಿಗೆ ಬಿರುಕನ್ನು ಮುಚ್ಚಿಡುತ್ತದೆ. ಸೋರಿದ ಪೆಟ್ರೋಲನ್ನು ಆ ಬಟ್ಟೆ ದೀಪದ ಬತ್ತಿಯ ಹಾಗೆ ಹೀರಿಕೊಂಡು ಉದ್ದಕ್ಕೂ ಹರಡುತ್ತದೆ, ಹನಿ ಬೀಳುವುದೇ ಇಲ್ಲವಾದ್ದರಿಂದ ಎಲ್ಲಿ ಸೋರುತ್ತಿದೆ ಎಂದೂ ತಿಳಿಯುವುದಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲಿನಲ್ಲಿ ನೆನೆದ ಬತ್ತಿ ಇಟ್ಟುಕೊಂಡು ಓಡಿಸುವುದು ಯಾರಿಗೂ ಬೇಡ. ಪ್ರದರ್ಶನಕ್ಕೆ ಮಾತ್ರ ನಿಲ್ಲುವ ಕಾರಾದರೂ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಇದು ಬೇಡ.

ಆರ್9 ಹೋಸಿನ ಒಳಪದರ ಫ್ಲೋರೋಎಲಾಸ್ಟೊಮರ್. ಎಥನಾಲ್ ಇದನ್ನು ಉಬ್ಬಿಸುವುದಿಲ್ಲ, ಒಣಗಿಸುವುದಿಲ್ಲ. ಮೂರೆಂಟಾಂಶ (3/8) ಇಂಚಿನ ಒಳವ್ಯಾಸದವರೆಗೆ 100 ಪಿಎಸ್‌ಐ ತಡೆಯುತ್ತದೆ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆ ಓಡುವುದು ಸುಮಾರು 2 ಬಾರ್, ಎಂದರೆ 29 ಪಿಎಸ್‌ಐ ಆಸುಪಾಸಿನಲ್ಲಿ. ಎಲ್-ಜೆಟ್ರಾನಿಕ್ 2.5 ಬಾರ್, 36 ಪಿಎಸ್‌ಐ. ಎರಡಕ್ಕೂ ಇದು ಧಾರಾಳ. ಜರ್ಮನ್ ಕಾರುಗಳಿಗೆ ಕೊಹ್ಲೀನ್ 2240 ನಮಗೆ ಬಹಳ ಹಿಡಿಸುತ್ತದೆ. ಒಳಪದರ ಇದೇ ಜಾತಿಯದು, 7.5 ಮಿ.ಮೀ ಒಳವ್ಯಾಸದಲ್ಲಿ ಸಿಗುವುದರಿಂದ 8 ಮಿ.ಮೀ ಪೈಪಿನ ಮೇಲೆ ಬಿಗಿಯಾಗಿ ಕೂರುತ್ತದೆ. ಇಂಚಿನ ಅಳತೆಯ ಐದು ಹದಿನಾರಾಂಶ ಹೋಸ್ 7.9 ಮಿ.ಮೀ ಇರುತ್ತದೆ, ಅದೂ ಕೂರುತ್ತದೆ, ಆದರೆ ಆ ಬಿಗಿ ಇರುವುದಿಲ್ಲ. ಗೇಟ್ಸ್ ಬ್ಯಾರಿಕೇಡ್ ಇಂಜೆಕ್ಷನ್ ಹೋಸ್ ಆರ್14 ದರ್ಜೆಯದು, 225 ಪಿಎಸ್‌ಐ ತಡೆಯುತ್ತದೆ. ಒಂದೇ ಒಂದು ಕೊರತೆ: ಸ್ವಲ್ಪ ಸೆಡೆತುಕೊಂಡಿರುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಬಗ್ಗಿಸಲು ಹೋದರೆ ಮಡಚಿಕೊಳ್ಳುತ್ತದೆ. ಎಲ್ಲ ಆರ್14 ಹೋಸ್‌ಗಳೂ ಇಂಜೆಕ್ಷನ್ನಿಗಲ್ಲ ಎಂಬುದು ನೆನಪಿರಲಿ, ಕಡಿಮೆ ಒತ್ತಡದ್ದೂ ಅದೇ ದರ್ಜೆಯಲ್ಲಿ ಬರುತ್ತದೆ. ಮೈಮೇಲಿನ ಪಿಎಸ್‌ಐ ಓದಿಯೇ ತನ್ನಿ.

ಆರ್9ನ ಮಿತಿಗಳನ್ನೂ ಹೇಳಬೇಕು. ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲಿ ಮುಳುಗುವ ಕಡೆ ಇದನ್ನು ಹಾಕಬಾರದು. ಇದರ ಹೊರಕವಚ ಪೆಟ್ರೋಲಿನಲ್ಲಿ ನೆನೆಯಲು ಮಾಡಿದ್ದಲ್ಲ, ಕರಗಿ ಕೆಸರಾಗುತ್ತದೆ. ಅಲ್ಲಿಗೆ ಆರ್10 ಮಾತ್ರ. ಎರಡನೆಯದು ಲೂಕಾಸ್ ಮೆಕ್ಯಾನಿಕಲ್ ಇಂಜೆಕ್ಷನ್. ಟ್ರಯಂಫ್ ಟಿಆರ್5, ಟಿಆರ್6 ಪಿಐ ಕಾರುಗಳಲ್ಲಿ ಪಂಪಿನ ಒತ್ತಡ 106ರಿಂದ 110 ಪಿಎಸ್‌ಐ. ಆರ್9ನ ಮಿತಿ 100. "ಇಂಜೆಕ್ಷನ್ ಹೋಸ್" ಎಂಬ ಹೆಸರು ನೋಡಿ ಇದನ್ನು ಆ ಕಾರಿಗೆ ಹಾಕಿ ಕ್ಲ್ಯಾಂಪ್ ಬಿಗಿದರೆ ಅಪಾಯ ಕಟ್ಟಿಟ್ಟದ್ದು. ಅಲ್ಲಿ ತುದಿಗಳನ್ನು ಯಂತ್ರದಲ್ಲಿ ಒತ್ತಿ ಕೂರಿಸಿದ ಹೆಚ್ಚು ಒತ್ತಡದ ಹೋಸ್ ಬೇಕು. ಬಾಷ್ ಕೆ-ಜೆಟ್ರಾನಿಕ್ ಸುಮಾರು 5 ಬಾರ್‌ನಲ್ಲಿ ಓಡುತ್ತದೆ, ಅದಕ್ಕೂ ತುದಿ ಒತ್ತಿ ಕೂರಿಸಿದ ಅಂಥದ್ದೇ ಹೋಸ್ ಬೇಕು. ಜೊತೆಗೆ ಅದರ ಬ್ಯಾಂಜೊ ಬೋಲ್ಟಿನ, ಅಂದರೆ ಪೆಟ್ರೋಲು ಹರಿಯಲು ಒಳಗೆ ಟೊಳ್ಳಾಗಿರುವ ಬೋಲ್ಟಿನ, ಎರಡು ಬದಿಯ ತಾಮ್ರದ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಹೊಸದಾಗಿ ಹಾಕಬೇಕು.

ಸ್ಟೀಲ್ ಜಾಲರಿ ಹೊದಿಸಿದ ರಬ್ಬರ್ ಹೋಸಿಗೆ ಹೊರಗೆ ಥಳಕು ಒಳಗೆ ಹುಳುಕು ಎನ್ನುವ ಮಾತು ಅಳತೆ ತೆಗೆದು ಹೊಲಿದಂತಿದೆ. ಒಳಗೆ ಯಾವ ರಬ್ಬರ್ ಎಂದು ಬಹುತೇಕ ಅಗ್ಗದ ಹೋಸ್‌ಗಳ ಮೇಲೆ ಬರೆದೇ ಇರುವುದಿಲ್ಲ, ಬಿರುಕು ಬಿಟ್ಟರೆ ಕಾಣುವುದಿಲ್ಲ. ಜಾಲರಿ ಅರದ ಹಾಗೆ ಕೆಲಸ ಮಾಡುತ್ತದೆ. ಪಕ್ಕದ ವೈರು, ಬ್ರೇಕ್ ಪೈಪು, ಬಾಡಿಯ ಬಣ್ಣ ಯಾವುದನ್ನೂ ಬಿಡುವುದಿಲ್ಲ. ವೈರಿನ ಇನ್ಸುಲೇಶನ್ ತೇದುಹೋಗಿ ಜಾಲರಿಗೆ ಕರೆಂಟು ತಾಗಿದರೆ ಆಮೇಲಿನದ್ದನ್ನು ಹೇಳಬೇಕಾಗಿಲ್ಲ.

ಪಿಟಿಎಫ್‌ಇ (ಟೆಫ್ಲಾನ್) ಒಳಗೊಳವೆಯ ಜಾಲರಿ ಹೋಸ್ ಬೇರೆ ವಸ್ತು, ಮೇಲಿನದರ ಜೊತೆ ಬೆರೆಸಬೇಡಿ. ಯಾವ ಪೆಟ್ರೋಲಿಗೂ ಇದು ಜಗ್ಗುವುದಿಲ್ಲ, ವಾಸನೆ ಸೊನ್ನೆ, ಲೂಕಾಸ್ ಇಂಜೆಕ್ಷನ್ನಿನ ಒತ್ತಡವನ್ನೂ ಸುಲಭವಾಗಿ ತಡೆಯುತ್ತದೆ. ಆದರೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಒಳಗೊಳವೆ ಕಾರ್ಬನ್ ಬೆರೆಸಿದ ಕಪ್ಪು ಬಣ್ಣದ್ದೋ? ಬಿಳಿಯದಾದರೆ ಹರಿಯುವ ಪೆಟ್ರೋಲಿನಿಂದ ಒಳಗೆ ಸ್ಥಾಯಿ ವಿದ್ಯುತ್ತು ಸೇರಿ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯಬಹುದು. ಫಿಟ್ಟಿಂಗ್ ಪಿಟಿಎಫ್‌ಇಗೆಂದೇ ಮಾಡಿದ್ದೋ? ರಬ್ಬರ್ ಹೋಸಿನ ಫಿಟ್ಟಿಂಗ್ ಇದಕ್ಕೆ ಕಚ್ಚುವುದಿಲ್ಲ, ಒಳಗೆ ಹಿತ್ತಾಳೆಯ ಪುಟ್ಟ ಬಳೆ ಇರುವ ಫಿಟ್ಟಿಂಗೇ ಬೇಕು. ಫ್ಲೇರಿನ, ಅಂದರೆ ಕಹಳೆಯಂತೆ ಅಗಲಿಸಿದ ತುದಿಯ, ಕೋನ ಎಷ್ಟು? ಎಎನ್ ಎಂಬ ಮಾದರಿಯ ಫಿಟ್ಟಿಂಗ್ 37 ಡಿಗ್ರಿ, ಮಾಮೂಲಿ ಎಸ್‌ಎಇ ಫ್ಲೇರ್ 45 ಡಿಗ್ರಿ. ಎರಡನ್ನು ಜೋಡಿಸಿ ಬಿಗಿದರೆ ಮೊದಲ ದಿನ ಸೋರದೆ ಇರಬಹುದು, ಅಲುಗಾಟ ಶುರುವಾದ ಮೇಲೆ ಸೋರುತ್ತದೆ.

ಲೋಹದ ಪೈಪಿನ ವಿಷಯದಲ್ಲಿ ನಮ್ಮ ಒಲವು ತಾಮ್ರ-ನಿಕ್ಕಲ್ ಮಿಶ್ರಲೋಹದ ಕಡೆಗೆ. ಕುನಿಫರ್ ಎಂಬ ಹೆಸರಿನಲ್ಲೂ ಸಿಗುತ್ತದೆ, ಹತ್ತು ಭಾಗದಲ್ಲಿ ಒಂದು ಭಾಗ ನಿಕ್ಕಲ್. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಒಡೆಯದೆ ಬರುತ್ತದೆ. ಬರೀ ತಾಮ್ರದ ಪೈಪು ಬೇಡ, ಎಂಜಿನ್ನಿನ ಕಂಪನಕ್ಕೆ ಗಡುಸಾಗಿ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮೇಲು, ಆದರೆ ಮನೆಯ ಉಪಕರಣಗಳಿಂದ ಅದಕ್ಕೆ ಫ್ಲೇರ್ ಮಾಡುವುದು ಕಷ್ಟ. ಕಾರಿನ ಆಕಾರಕ್ಕೆ ಬಗ್ಗಿಸಿ ತಯಾರಾಗಿ ಬರುವ ಕಿಟ್ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಅಂಥ ಕಿಟ್ ಅತ್ಯಗತ್ಯವಾದ ಕಾರೆಂದರೆ ಪೋರ್ಷೆ 914. 1969ರಿಂದ 1976ರವರೆಗೆ ಬಂದ ಈ ಕಾರಿನಲ್ಲಿ ಟ್ಯಾಂಕು ಮುಂದೆ, ಎಂಜಿನ್ನು ಸೀಟಿನ ಹಿಂದೆ. ಎರಡರ ನಡುವೆ, ಸೀಟುಗಳ ಮಧ್ಯದ ತಗಡಿನ ಸುರಂಗದೊಳಗೆ ಹೋಗುವ ಪೈಪುಗಳು ಪ್ಲಾಸ್ಟಿಕ್ಕಿನವು. ಇಷ್ಟು ವರ್ಷಗಳಲ್ಲಿ ಅವು ಹಪ್ಪಳದ ಹಾಗಾಗಿರುತ್ತವೆ, ಮುಟ್ಟಿದರೆ ಮುರಿಯುತ್ತವೆ. ಮುರಿದರೆ ಪೆಟ್ರೋಲು ಸುರಿಯುವುದು ಇಬ್ಬರ ಸೀಟಿನ ನಡುವೆ. ಹಳೆಯ 914ಗಳಲ್ಲಿ ಬ್ಯಾಟರಿಯೂ ಎಂಜಿನ್ ಕೋಣೆಯ ಬಲಭಾಗದಲ್ಲಿದ್ದು, ಅದರ ಕೆಳಗೇ ಪಂಪು ಇದೆ. ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿ ಹೋಸನ್ನು ತಿನ್ನುತ್ತದೆ. 1975ರ ಮಾದರಿಯಿಂದ ಪಂಪನ್ನು ಮುಂದಕ್ಕೆ ಒಯ್ದರು. ಸ್ಟೇನ್‌ಲೆಸ್ ಪೈಪು ಹಾಕುವಾಗ ಸುರಂಗದೊಳಗಿನ ಗೇರ್ ರಾಡ್ ಮತ್ತು ಕೇಬಲ್‌ಗಳಿಗೆ ಪೈಪು ತಾಗದಂತೆ ನೋಡಿಕೊಳ್ಳಬೇಕು. ತಗಡಿನ ಗೋಡೆ ದಾಟುವ ಎರಡೂ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹೊಸದು ಹಾಕಬೇಕು, ಇಲ್ಲವಾದರೆ ಗಡಗಡ ಸದ್ದೂ ಬರುತ್ತದೆ, ಪೈಪೂ ತೇಯುತ್ತದೆ. ಕಿಟ್ ಕೈಗೆ ಬಂದ ಕೂಡಲೇ ಪೈಪಿನ ತುದಿ ನೋಡಿ. ತುದಿಯ ಸುತ್ತ ಬಳೆಯಂಥ ಉಬ್ಬು, ಅಂದರೆ ಬೀಡ್, ಇರಬೇಕು. ಸಪಾಟಾಗಿ ಕತ್ತರಿಸಿ ಕಳಿಸಿದ ಕಿಟ್ ಆದರೆ ವಾಪಸ್ ಮಾಡಿ ಅಥವಾ ಬೀಡ್ ಮಾಡಿಸಿಯೇ ಹಾಕಿ. ಬೀಡ್ ಇಲ್ಲದ ಪೈಪಿನ ಮೇಲೆ ಹೋಸ್ ಎಷ್ಟೇ ಬಿಗಿದರೂ ಒತ್ತಡಕ್ಕೆ ಒಂದು ದಿನ ಜಾರಿ ಬರುತ್ತದೆ.

ಕ್ಲ್ಯಾಂಪಿನಲ್ಲಿ ಜನ ಮಾಡುವ ತಪ್ಪು ಒಂದೇ, ಆದರೆ ಎಲ್ಲರೂ ಮಾಡುವಂಥದ್ದು. ಪಟ್ಟಿಯ ತುಂಬ ಗೀರು ತೂತುಗಳಿರುವ ಸ್ಕ್ರೂ ಕ್ಲ್ಯಾಂಪ್ ಬಿಗಿದಾಗ ರಬ್ಬರು ಆ ತೂತುಗಳೊಳಗೆ ನುಗ್ಗಿ, ತೂತಿನ ಅಂಚು ಬ್ಲೇಡಿನ ಹಾಗೆ ಅದನ್ನು ಕೊಯ್ಯುತ್ತದೆ. ಬಿಚ್ಚಿ ನೋಡಿದರೆ ಹೋಸಿನ ಮೇಲೆ ಏಣಿಯಂಥ ಗುರುತು ಸಾಲಾಗಿ ಬಿದ್ದಿರುತ್ತದೆ. ಇಂಜೆಕ್ಷನ್ ಕ್ಲ್ಯಾಂಪಿನ ಪಟ್ಟಿ ನುಣುಪು, ಅಂಚುಗಳು ಹೊರಕ್ಕೆ ಮಡಿಸಿರುತ್ತವೆ, ಚಿಕ್ಕ ಬೋಲ್ಟು ನಟ್ಟಿನಿಂದ ಬಿಗಿಯುತ್ತದೆ. ಆದರೆ ಇದು ಹಿಗ್ಗುವುದು ಕುಗ್ಗುವುದು ಒಂದೆರಡು ಮಿ.ಮೀ ಅಷ್ಟೇ. ಒಂದೇ ಒಳವ್ಯಾಸದ ಹೋಸ್‌ಗಳ ಹೊರವ್ಯಾಸ ಕಂಪನಿಯಿಂದ ಕಂಪನಿಗೆ ಅಷ್ಟೇ ಬದಲಾಗುತ್ತದೆ. ಹೋಸ್ ಕೈಗೆ ಬಂದ ಮೇಲೆ ಹೊರಗಿನ ಅಳತೆ ತೆಗೆದು ಆಮೇಲೆ ಕ್ಲ್ಯಾಂಪ್ ತರಿಸಿ. ದೊಡ್ಡದಾದರೆ ಎರಡು ಕಿವಿ ಒಂದಕ್ಕೊಂದು ತಾಗಿದರೂ ಹೋಸ್ ಸಡಿಲವಾಗೇ ಇರುತ್ತದೆ. ಪಟ್ಟಿಯ ಎರಡೂ ಬದಿಯಲ್ಲಿ ರಬ್ಬರು ಉಬ್ಬಿ ಪಟ್ಟಿಯ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಅದಕ್ಕಿಂತ ಹೆಚ್ಚು ಬಿಗಿಯಬೇಡಿ.

ಕೆಲಸಕ್ಕೆ ಇಳಿಯುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೊಂಡದಲ್ಲಿ ಇಳಿದು ನಿಲ್ಲುತ್ತದೆ. ಆದ್ದರಿಂದ ಕಾರನ್ನು ಹೊಂಡದ ಮೇಲೆ ನಿಲ್ಲಿಸದೆ ಬಯಲಿನಲ್ಲಿ ಜ್ಯಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ತಂತಿ ಉರಿಯುವ ಬಲ್ಬಿನ ದೀಪ ಬೇಡ. ಬೆಂಕಿ ಆರಿಸುವ ಪೌಡರ್ ಅಥವಾ ಫೋಮ್ ಸಿಲಿಂಡರ್ ಕೈಗೆಟಕುವಲ್ಲಿರಲಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮುಚ್ಚಳವಿರುವ ಡಬ್ಬಕ್ಕೆ ತುಂಬಿಸಿ. ಖಾಲಿ ಟ್ಯಾಂಕು ಆವಿಯಿಂದ ತುಂಬಿರುವುದರಿಂದ ತುಂಬಿದ ಟ್ಯಾಂಕಿಗಿಂತ ಅಪಾಯ, ಮುಚ್ಚಳ ಹಾಕಿಯೇ ಇಡಿ. ಕೆ-ಜೆಟ್ರಾನಿಕ್‌ನಲ್ಲಿ ಎಂಜಿನ್ ನಿಲ್ಲಿಸಿ ಗಂಟೆ ಕಳೆದರೂ ಒಳಗೆ ಒತ್ತಡ ಇರುತ್ತದೆ. ಬಟ್ಟೆ ಸುತ್ತಿ ನಟ್ಟನ್ನು ಕಾಲು ಸುತ್ತು ಸಡಿಲಿಸಿ ಇಳಿಸಿದ ಮೇಲೆ ಮುಂದುವರಿಯಿರಿ.

ಎಷ್ಟು ಉದ್ದ ಬೇಕು ಎಂದು ಹಳೇ ಹೋಸನ್ನು ನೋಡಿ ಅಂದಾಜು ಮಾಡಬೇಡಿ, ಅದು ಕುಗ್ಗಿರುತ್ತದೆ. ದಾರದಿಂದ ದಾರಿ ಅಳೆದು ಐದರಲ್ಲಿ ಒಂದು ಪಾಲು ಹೆಚ್ಚು ತನ್ನಿ. ಹ್ಯಾಕ್ಸಾ ಬ್ಲೇಡು ಬೇಡ, ಹರಿತವಾದ ಚಾಕುವಿನಿಂದ ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಹ್ಯಾಕ್ಸಾದ ರಬ್ಬರ್ ಪುಡಿ ನೇರ ಇಂಜೆಕ್ಟರಿಗೆ ಹೋಗುತ್ತದೆ. ತುದಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಹೋಸ್ ಪೈಪಿನ ಮೇಲೆ 25 ಮಿ.ಮೀ ಕೂರುವಂತೆ ತಳ್ಳಿ. ಕ್ಲ್ಯಾಂಪು ಬೀಡಿನ ಮೇಲೆ ಕೂರಬಾರದು, ಅದನ್ನು ದಾಟಿ ಒಳಭಾಗದಲ್ಲಿ ಕೂರಬೇಕು. ಹೋಸಿನ ತುದಿಯಿಂದ 3 ಮಿ.ಮೀ ಬಿಟ್ಟಿರಲಿ. ಪೈಪಿಗೆ ಅಡಿಗೊಂದು ರಬ್ಬರ್ ಹೊದಿಸಿದ ಕ್ಲಿಪ್, ಎಕ್ಸಾಸ್ಟಿನಿಂದ ಮತ್ತು ಸ್ಟಾರ್ಟರ್ ಕೇಬಲ್ಲಿನಿಂದ ದೂರ.

ಜಾಗ್ವಾರ್ ಎಕ್ಸ್‌ಜೆ-ಎಸ್ ವಿ12 ಇದ್ದವರಿಗೆ ಒಂದು ಮಾತು ಹೆಚ್ಚಿಗೆ. ಹನ್ನೆರಡು ಇಂಜೆಕ್ಟರುಗಳ ಪುಟ್ಟ ಹೋಸ್‌ಗಳು ಎಂಜಿನ್ನಿನ ಎರಡು ಸಾಲಿನ ನಡುವಿನ ಕಣಿವೆಯಲ್ಲಿವೆ. ಎಂಜಿನ್ ನಿಲ್ಲಿಸಿದ ಮೇಲೆ ಶಾಖವೆಲ್ಲ ಅಲ್ಲೇ ನಿಂತು ರಬ್ಬರನ್ನು ಬೇಯಿಸುತ್ತದೆ. ಒಂದು ಸೋರಿದರೆ ಹನ್ನೆರಡನ್ನೂ ಬದಲಿಸಿ, ಉಳಿದ ಹನ್ನೊಂದರ ವಯಸ್ಸೂ ಅಷ್ಟೇ. ಹಳೇ ಹೋಸ್ ಬಿಡಿಸುವಾಗ ಚಾಕುವನ್ನು ಆಳಕ್ಕೆ ಇಳಿಸಬೇಡಿ. ಇಂಜೆಕ್ಟರಿನ ಹಿತ್ತಾಳೆ ತುದಿಯ ಏಣುಗಳ ಮೇಲೆ ಉದ್ದಕ್ಕೆ ಒಂದು ಗೀರು ಬಿದ್ದರೂ ಆ ಗೀರೇ ಕಾಲುವೆಯಾಗಿ ಹೊಸ ಹೋಸಿನಡಿಯಿಂದ ಪೆಟ್ರೋಲು ಜಿನುಗುತ್ತದೆ. ಮೇಲಿನ ಲೋಹದ ಬಳೆಯನ್ನು ಕಟಿಂಗ್ ಪ್ಲೇಯರಿನಿಂದ ತೆಗೆದು, ರಬ್ಬರಿನ ಅರ್ಧ ದಪ್ಪದವರೆಗೆ ಮಾತ್ರ ಕೊಯ್ದು, ಉಳಿದದ್ದನ್ನು ಪ್ಲೇಯರಿನಿಂದ ಹಿಡಿದು ಸಿಪ್ಪೆ ಸುಲಿದ ಹಾಗೆ ಸುಲಿಯಿರಿ.

ಎಲ್ಲ ಜೋಡಿಸಿದ ಮೇಲೆ ಐದು ಲೀಟರ್ ಪೆಟ್ರೋಲ್ ಹಾಕಿ. ಎಲೆಕ್ಟ್ರಿಕ್ ಪಂಪಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಮಾತ್ರ ಐದು ನಿಮಿಷ ಓಡಿಸಿ. ಪ್ರತಿ ಜಾಯಿಂಟಿನ ಕೆಳಮೈಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಬೆರಳಿಗೆ ಗೊತ್ತಾಗದ ತೇವ ಕಾಗದದ ಮೇಲೆ ಕಾಣುತ್ತದೆ. ಆಮೇಲೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಅದೇ ಪರೀಕ್ಷೆ. ಮೊದಲ ಶಾಖಕ್ಕೆ ರಬ್ಬರು ಕೂತುಕೊಳ್ಳುವುದರಿಂದ ಒಂದೆರಡು ಕ್ಲ್ಯಾಂಪ್ ಸ್ವಲ್ಪ ಸಡಿಲವಾಗಿರುತ್ತವೆ. ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ.

ಇಷ್ಟಾದರೂ ವಾಸನೆ ಉಳಿದಿದ್ದರೆ ಪೆಟ್ರೋಲ್ ತುಂಬಿಸುವ ಕತ್ತಿನ ದಪ್ಪ ಹೋಸ್ ಮತ್ತು ಟ್ಯಾಂಕಿನ ಗಾಳಿ ಹೋಸ್ ನೋಡಿ. ಕಿಟ್‌ಗಳಲ್ಲಿ ಇವೆರಡೇ ಸಾಮಾನ್ಯವಾಗಿ ಬಿಟ್ಟುಹೋಗುವುದು. ಅಳತೆ ಸರಿಹೊಂದುತ್ತದೆಂದು ರೇಡಿಯೇಟರ್ ಹೋಸ್ ಕತ್ತರಿಸಿ ಹಾಕಿರುವ ಕಾರುಗಳು ಬೇಕಾದಷ್ಟಿವೆ. ರೇಡಿಯೇಟರ್ ಹೋಸ್ ಇಪಿಡಿಎಂ ರಬ್ಬರಿನದು, ನೀರಿಗೆ ಹೇಳಿ ಮಾಡಿಸಿದ್ದು, ಪೆಟ್ರೋಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಅಲ್ಲಿಗೂ ಪೆಟ್ರೋಲಿನದೇ ಹೋಸ್ ಬೇಕು. ಆರ್9 ಹಾಕಿದ್ದರೆ ಹತ್ತು ವರ್ಷಕ್ಕೆ ಬದಲಿಸಿ. ಹಾಕಿದ ತಿಂಗಳು, ವರ್ಷವನ್ನು ಪೇಂಟ್ ಪೆನ್ನಿನಲ್ಲಿ ಟ್ಯಾಂಕಿನ ಪಕ್ಕದ ಮೊದಲ ಕ್ಲ್ಯಾಂಪಿನ ಹತ್ತಿರ ಬರೆದಿಡಿ, ಮುಂದೆ ಆ ಕಾರಿನ ಅಡಿ ಮಲಗುವವರಿಗೆ ಅದು ಕಾಣುತ್ತದೆ.